ಕೊಟ್ಟಿಗೆ ಗೊಬ್ಬರ ಬಿಟ್ಟ ಸಾವಯವ ಹೊಲ: ಯಾರಿಗೆ ಯಾವ ದಾರಿ?

ಸಾವಯವ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಸಗಣಿ. ರಾಸಾಯನಿಕ ಬೇಡ ಅಂದರೆ ಕೊಟ್ಟಿಗೆ ಬೇಕೇ ಬೇಕು ಅನ್ನುವುದು ಬಹಳ ಜನರ ಲೆಕ್ಕ. ಪ್ರಾಣಿಗಳಿಂದ ಬಂದ ಏನನ್ನೂ ಬಳಸದೆ, ವೀಗನ್ ಆಗಿ ಬದುಕುವವರು ಬೇಸಾಯಕ್ಕೆ ಇಳಿದಾಗ ತೊಡಕು ಶುರುವಾಗುವುದು ಇಲ್ಲೇ. ಹಾಲು ಬಿಟ್ಟಾಯಿತು, ಚರ್ಮದ ಚಪ್ಪಲಿ ಬಿಟ್ಟಾಯಿತು. ಈಗ ಡೇರಿಯ ಸಗಣಿಯನ್ನು ಲೋಡುಗಟ್ಟಲೆ ತರಿಸಬೇಕಾ? ಬೇಡ ಅಂದರೆ ಬೆಳೆಗೆ ಹಾಕೋದೇನು? ಹಸಿರೆಲೆ ಗೊಬ್ಬರವಾ, ಕಾಂಪೋಸ್ಟಾ, ಹಿಂಡಿಯಾ, ಮರದ ಚೂರಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೇಳಿದವರ ತಲೆ ಕೆಡುತ್ತದೆ.

ಹೋಲಿಸುವ ಮುಂಚೆ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ದನ ಸಾರಜನಕವನ್ನು ಹುಟ್ಟಿಸುವುದಿಲ್ಲ. ರಂಜಕವನ್ನೂ ಹುಟ್ಟಿಸುವುದಿಲ್ಲ. ಎಲ್ಲೋ ಬೆಳೆದ ಹುಲ್ಲು, ಕಾಳು, ಹಿಂಡಿ ತಿನ್ನುತ್ತದೆ. ಒಂದು ಪಾಲು ಹಾಲಿಗೆ, ಮೈಗೆ ಹೋಗುತ್ತದೆ. ಉಳಿದದ್ದು ಸಗಣಿ, ಗಂಜಲವಾಗಿ ಹೊರಗೆ ಬರುತ್ತದೆ. ಅಂದರೆ ಕೊಟ್ಟಿಗೆ ಗೊಬ್ಬರ ಬೇರೆ ಯಾವುದೋ ನೆಲದ ಸತ್ವ. ದನ ಅದನ್ನು ಹೊತ್ತು ತರುವ ಗಾಡಿ, ಅಷ್ಟೇ. ಹಾಗಾಗಿ ದನ ಇಲ್ಲದೆ ಬೆಳೆ ಬರುತ್ತದಾ ಅನ್ನುವುದು ಅಷ್ಟು ಮುಖ್ಯವಾದ ಪ್ರಶ್ನೆ ಅಲ್ಲ. ಸತ್ವ ಯಾರ ನೆಲದಿಂದ, ಯಾರ ದುಡಿಮೆಯಿಂದ ಬರಬೇಕು ಅನ್ನುವುದೇ ಮುಖ್ಯ. ಕೆಳಗಿನ ಪ್ರತಿ ದಾರಿಯನ್ನೂ ನಾನು ಈ ಪ್ರಶ್ನೆ ಇಟ್ಟುಕೊಂಡೇ ನೋಡಿದ್ದೇನೆ.

ಅಳೆಯುವುದು ಹೇಗೆ?

ಮೊದಲನೆಯದು, ನಿಮ್ಮ ಗೆರೆ ಎಲ್ಲಿದೆ ಅನ್ನುವುದು. ಕಸಾಯಿಖಾನೆಯ ರಕ್ತ, ಮೂಳೆಯ ಪುಡಿ ಮಾತ್ರ ಬೇಡವಾ? ಸಗಣಿಯೂ ಬೇಡವಾ? ಎರೆಹುಳು ಸಾಕುವುದು, ಜೇನುಪೆಟ್ಟಿಗೆ ತಂದಿಡುವುದು ಕೂಡ ಬೇಡವಾ? ಇದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬೆಳೆ ಹಳದಿಯಾದ ದಿನ ಗೆರೆ ತಾನಾಗಿಯೇ ಜರುಗಿಬಿಡುತ್ತದೆ.

ಎರಡನೆಯದು ಸಾರಜನಕ. ಎಷ್ಟು ಸಿಗುತ್ತದೆ ಅನ್ನುವುದರ ಜೊತೆಗೆ ಯಾವಾಗ ಸಿಗುತ್ತದೆ ಅನ್ನುವುದೂ ಮುಖ್ಯ. ಎಲೆಕೋಸಿನಂಥ ಹೊಟ್ಟೆಬಾಕ ಬೆಳೆಗೆ ಎಕರೆಗೆ 40 ಕಿಲೋಗೂ ಜಾಸ್ತಿ ಬೇಕು, ಅದೂ ಕೆಲವೇ ವಾರಗಳಲ್ಲಿ. ಅವರೆ, ತೊಗರಿಯಂಥವಕ್ಕೆ ಹೊರಗಿನಿಂದ ಹೆಚ್ಚುಕಡಿಮೆ ಏನೂ ಬೇಡ.

ಆಮೇಲೆ ನೆಲ, ಆಳು, ದುಡ್ಡು. ಈ ಮೂರರಲ್ಲಿ ನಿಮಗೆ ಯಾವುದು ಕಡಿಮೆಯೋ ಅದೇ ಕೊನೆಗೆ ತೀರ್ಮಾನ ಮಾಡುವುದು. ಕಡೆಯದಾಗಿ, ಮಾರುವಾಗ ಪ್ರಮಾಣಪತ್ರ ಬೇಕಾ ಇಲ್ಲವಾ ಅನ್ನುವುದು.

ಮೊದಲೇ ಪಟ್ಟಿಯಿಂದ ತೆಗೆಯಬೇಕಾದವು

ಬಯೋಡೈನಾಮಿಕ್ ಪದ್ಧತಿಯನ್ನು ಶುರುವಲ್ಲೇ ಬದಿಗಿಡಿ. 1924ರಲ್ಲಿ ರುಡಾಲ್ಫ್ ಸ್ಟೈನರ್ ಕೊಟ್ಟ ಉಪನ್ಯಾಸಗಳಿಂದ ಹುಟ್ಟಿದ ಈ ಪದ್ಧತಿಯಲ್ಲಿ ಹಸುವಿನ ಕೊಂಬಿಗೆ ಸಗಣಿ ತುಂಬಿ ಹೂಳುವುದು, ಜಿಂಕೆಯ ಮೂತ್ರಕೋಶ ಬಳಸುವುದು ಎಲ್ಲ ಇದೆ. ವೀಗನ್ ನಿಲುವಿಗೆ ಅದು ಹೊಂದುವ ಮಾತೇ ಇಲ್ಲ. ಸಗಣಿ-ಗಂಜಲದ ದ್ರಾವಣಗಳ ಮೇಲೆ ನಿಂತ ಪದ್ಧತಿಗಳೂ ಹಾಗೆಯೇ, ಹೆಸರಿನಲ್ಲಿ ಎಷ್ಟೇ 'ನೈಸರ್ಗಿಕ' ಇರಲಿ. ಜಪಾನಿನ ಮಸನೊಬು ಫುಕುವೊಕಾ ಅವರ ಸಹಜ ಕೃಷಿಯನ್ನು ಕೆಲವರು ಪೂರ್ತಿ ವೀಗನ್ ಅಂದುಕೊಂಡಿದ್ದಾರೆ. ಹುಲ್ಲು ಬೇಗ ಕೊಳೆಯಲಿ ಅಂತ ಅವರು ಕೋಳಿ ಗೊಬ್ಬರ ಬಳಸುತ್ತಿದ್ದರು. ಅವರಿಂದ ಕಲಿಯುವುದು ಬಹಳ ಇದೆ. ಆದರೆ ಗೊಬ್ಬರದ ವಿಷಯಕ್ಕೆ ಅವರ ಹೆಸರು ಹೇಳಿ ಪಾರಾಗಲು ಆಗುವುದಿಲ್ಲ.

ಹಸಿರೆಲೆ ಗೊಬ್ಬರ: ಕೊಡಬೇಕಾದದ್ದು ನೆಲ ಮತ್ತು ಸಮಯ

ಮಾರುವುದಕ್ಕಲ್ಲ, ಕತ್ತರಿಸಿ ಮಣ್ಣಿಗೆ ಸೇರಿಸುವುದಕ್ಕೇ ಬೆಳೆಸುವ ಗಿಡ ಇದು. ನನ್ನನ್ನು ಕೇಳಿದರೆ ವೀಗನ್ ಸಾವಯವ ಬೇಸಾಯದ ಬೆನ್ನೆಲುಬು ಇದೇ. ಉಳಿದವೆಲ್ಲ ಇದರ ಜೊತೆಗೆ ಬರುವಂಥವು. ಯಾಕೆಂದರೆ ಹೊರಗಿನ ನೆಲವನ್ನು ಮುಟ್ಟದೆ ಹೊಸದಾಗಿ ಸಾರಜನಕ ತರುವ ದಾರಿ ಇದೊಂದೇ. ದ್ವಿದಳ ಸಸ್ಯಗಳ ಬೇರುಗಂಟಿನಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ಬೆಚ್ಚಗಿನ ಕಡೆ ಸೆಣಬು, ಡಯಂಚ, ಅಲಸಂದೆ ಬರುತ್ತವೆ. ಚಳಿ ಇರುವ ಕಡೆ ಕ್ಲೋವರ್, ವೆಚ್ ಬರುತ್ತವೆ. ಚೆನ್ನಾಗಿ ಬಂದ ಸೆಣಬು ಅಥವಾ ಡಯಂಚ 45ರಿಂದ 60 ದಿನದಲ್ಲಿ ಎಕರೆಗೆ 25ರಿಂದ 40 ಕಿಲೋ ಸಾರಜನಕವನ್ನು ಮೈಯಲ್ಲಿ ಕಟ್ಟಿಕೊಂಡಿರುತ್ತದೆ.

ಈ ಅಂಕಿ ನೋಡಿ ಖುಷಿಪಡುವ ಮುಂಚೆ ಎರಡು ಮಾತು. ಅಷ್ಟೂ ಗಾಳಿಯಿಂದ ಬಂದದ್ದಲ್ಲ, ಒಂದು ಪಾಲು ನಿಮ್ಮ ಮಣ್ಣಿನದೇ. ಮತ್ತೆ ಮುಂದಿನ ಬೆಳೆಗೆ ಆ ಹಂಗಾಮಿನಲ್ಲೇ ಸಿಗುವುದು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಮಣ್ಣಿನ ಉಳಿತಾಯ ಖಾತೆಗೆ ಹೋಗುತ್ತದೆ. ಅದಕ್ಕೇ ಮೊದಲ ವರ್ಷ ಇಳುವರಿ ಸೊರಗಿದಂತೆ ಕಾಣುವುದು, ಮೂರು-ನಾಲ್ಕು ವರ್ಷವಾದ ಮೇಲೆ ನೆಲ ಚೇತರಿಸಿಕೊಂಡಂತೆ ಕಾಣುವುದು.

ಯಾವಾಗ ಕತ್ತರಿಸುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹೂವು ಬರಲು ಶುರುವಾದಾಗ ಕತ್ತರಿಸಬೇಕು. ಕಾಂಡ ಬಲಿತು ನಾರಾದರೆ ಕೊಳೆಯುವುದು ನಿಧಾನ. ಕಾಳು ಕಟ್ಟಲು ಬಿಟ್ಟು, ಕೊಯ್ದು ಮಾರಿದರೆ ಸಾರಜನಕದ ದೊಡ್ಡ ಪಾಲು ಕಾಳಿನ ಜೊತೆ ಹೊರಟುಹೋಗುತ್ತದೆ. 'ಹೋದ ವರ್ಷ ದ್ವಿದಳ ಹಾಕಿದ್ದೆ, ನೆಲಕ್ಕೆ ಸಾಕಷ್ಟು ಸೇರಿರಬೇಕು' ಅನ್ನುವವರಲ್ಲಿ ಅರ್ಧ ಜನ ಇದನ್ನು ಮರೆತಿರುತ್ತಾರೆ. ಮಣ್ಣಿಗೆ ಸೇರಿಸಿದ ಮೇಲೆ ಎರಡು-ಮೂರು ವಾರ ಬಿಟ್ಟು ನಾಟಿ ಮಾಡಿ. ಕ್ಯಾರೆಟ್‌ನಂಥ ಸಣ್ಣ ಬೀಜವಾದರೆ ಇನ್ನೂ ಸ್ವಲ್ಪ ಕಾಯುವುದು ಒಳ್ಳೆಯದು. ಹಸಿ ಸೊಪ್ಪು ಕೊಳೆಯುವ ಮಣ್ಣಿನಲ್ಲಿ ಎಳೆ ಮೊಳಕೆಯೂ ಕೊಳೆಯುತ್ತದೆ.

ಜಾತಿ ಆರಿಸುವಾಗಲೂ ಎಚ್ಚರ ಬೇಕು. ಬೇರಿಗೆ ಗಂಟು ಕಟ್ಟಿಸಿ ಬೆಳೆ ಸೊರಗಿಸುವ ಜಂತುಹುಳುವಿನ (ನೆಮಟೋಡ್) ಕಾಟ ಇರುವ ನೆಲಕ್ಕೆ ಸೆಣಬು ಒಳ್ಳೆಯದು, ಅದು ಆ ಹುಳುವನ್ನು ಹತ್ತಿಕ್ಕುತ್ತದೆ. ಅಲಸಂದೆಯ ಎಷ್ಟೋ ತಳಿಗಳು ಅದನ್ನೇ ಸಾಕುತ್ತವೆ. ಸಾಸಿವೆ ಬೇಗ ನೆಲ ಮುಚ್ಚುತ್ತದೆ ನಿಜ. ಆದರೆ ಅದು ಸಾರಜನಕ ಹಿಡಿಯುವುದಿಲ್ಲ, ಮೇಲಾಗಿ ಎಲೆಕೋಸಿನ ಕುಟುಂಬದ್ದೇ. ಕೋಸು ಬೆಳೆಯುವವರು ಅದನ್ನು ಹಾಕಿದರೆ ರೋಗಕ್ಕೆ ಸೇತುವೆ ಕಟ್ಟಿದಂತೆ.

ಇನ್ನು ಸೇರಿಸುವುದು ಹೇಗೆ? ರೊಟವೇಟರ್ ಹೊಡೆದರೆ ಬೇಗ ಕೊಳೆಯುತ್ತದೆ, ಬೇಗ ಬೆಳೆಗೆ ಸಿಗುತ್ತದೆ. ಆದರೆ ಎರೆಹುಳು, ಇಲಿಮರಿ, ನೆಲದಲ್ಲಿ ಗೂಡು ಮಾಡಿದ ಜೇನ್ನೊಣ ಎಲ್ಲ ಬ್ಲೇಡಿಗೆ ಸಿಗುತ್ತವೆ. ಕತ್ತರಿಸಿ ಮೇಲೆಯೇ ಮುಚ್ಚಿಗೆಯಾಗಿ ಬಿಟ್ಟರೆ ಜೀವಿಗಳಿಗೆ ಮೇಲು. ಸಾರಜನಕ ಒಂದಿಷ್ಟು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಉಳಿದದ್ದು ನಿಧಾನಕ್ಕೆ ಇಳಿಯುತ್ತದೆ. ಕಪ್ಪು ಟಾರ್ಪಾಲು ಹೊದಿಸಿ ಸಾಯಿಸುವ ಮೂರನೆಯ ದಾರಿಯೂ ಇದೆ. ಅದರಲ್ಲಿ ಉಳುಮೆ ತಪ್ಪುತ್ತದೆ, ಪ್ಲಾಸ್ಟಿಕ್ ಬಂದು ಸೇರುತ್ತದೆ. ಸಣ್ಣ ಮಡಿಗಳಿಗೆ ಟಾರ್ಪಾಲು ಸರಿ. ಹತ್ತು ಎಕರೆಗೆ ಅದು ಆಗುವ ಹೋಗುವ ಮಾತಲ್ಲ.

ಒಟ್ಟಿನಲ್ಲಿ ಬೆಲೆ ಏನು? ಬೀಜಕ್ಕೆ ದುಡ್ಡು ಕಡಿಮೆ. ಆದರೆ ಆ ನೆಲ ಎರಡು ತಿಂಗಳೋ, ಕೆಲವು ಕಡೆ ಒಂದಿಡೀ ವರ್ಷವೋ ಮಾರುವ ಬೆಳೆ ಕೊಡುವುದಿಲ್ಲ. ಅರ್ಧ ಎಕರೆ ಇರುವವರಿಗೆ ಇದು ನುಂಗಲು ಕಷ್ಟ. ಮಳೆ ಒಂದೇ ಹಂಗಾಮು ಇರುವ ಕಡೆ ಇನ್ನೂ ಕಷ್ಟ, ಹಸಿರೆಲೆಗೆ ಹೋದ ನೀರು ಬೆಳೆಗೆ ಸಿಗುವುದಿಲ್ಲವಲ್ಲ. ಅಂಥವರು ಮುಖ್ಯ ಬೆಳೆಯ ಸಾಲುಗಳ ನಡುವೆಯೇ ಬಿತ್ತಬಹುದು, ಇಲ್ಲವೇ ಬದುಗಳಲ್ಲಿ ಬೆಳೆಸಿ ಕತ್ತರಿಸಿ ತರಬಹುದು.

ಸಸ್ಯಗಳ ಕಾಂಪೋಸ್ಟ್: ಕೊಡಬೇಕಾದದ್ದು ಬೆವರು

ಕಾಂಪೋಸ್ಟ್ ಇದ್ದರೆ ಎಲ್ಲ ಆಯಿತು ಅನ್ನುವವರಿಗೆ ಒಂದು ಸಣ್ಣ ಲೆಕ್ಕ. ಒಣ ಲೆಕ್ಕದಲ್ಲಿ ಶೇ 1.5 ಸಾರಜನಕ ಇರುವ ಕಾಂಪೋಸ್ಟ್ ಒಂದು ಟನ್ ಹಾಕಿದಿರಿ ಅನ್ನಿ. ಒಟ್ಟು 15 ಕಿಲೋ. ಮೊದಲ ವರ್ಷ ಬಿಡುಗಡೆಯಾಗುವುದು ಅದರ ಹತ್ತನೇ ಒಂದರಿಂದ ಐದನೇ ಒಂದು ಪಾಲು. ಅಂದರೆ 1.5ರಿಂದ 3 ಕಿಲೋ. ಬರೀ ಕಾಂಪೋಸ್ಟಿನಿಂದ 40 ಕಿಲೋ ಕೊಡಬೇಕಾದರೆ ಎಷ್ಟು ಟನ್ ಹೊರಬೇಕು, ನೀವೇ ನೋಡಿ.

ಹಾಗಂತ ಕಾಂಪೋಸ್ಟ್ ದಂಡ ಅಲ್ಲ. ಅದರ ಕೆಲಸವೇ ಬೇರೆ. ಮಣ್ಣಿಗೆ ನೀರು ಹಿಡಿಯುವ ಗುಣ, ಸಡಿಲತನ, ಪೊಟ್ಯಾಶ್, ಸೂಕ್ಷ್ಮ ಪೋಷಕಾಂಶ ಎಲ್ಲ ಅದರಿಂದ ಬರುತ್ತದೆ. ಸಸಿ ಬೆಳೆಸುವ ಮಿಶ್ರಣಕ್ಕೂ ಅದು ಬೇಕು. ಸಗಣಿ ಇಲ್ಲದೆ ರಾಶಿ ಬಿಸಿಯಾಗುವುದಿಲ್ಲ ಅನ್ನುವುದು ಸುಮ್ನೆ ಹಬ್ಬಿರುವ ಮಾತು. ಇಂಗಾಲ-ಸಾರಜನಕದ ಅನುಪಾತ 25ರಿಂದ 30ಕ್ಕೆ 1 ಇದ್ದು, ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಇದ್ದು, ರಾಶಿ ಸುಮಾರು ಒಂದು ಮೀಟರ್ ಎತ್ತರ-ಅಗಲ ಇದ್ದರೆ ಹಸಿ ಹುಲ್ಲು, ದ್ವಿದಳದ ಸೊಪ್ಪೇ ಅದನ್ನು 55 ಡಿಗ್ರಿ ಸೆಲ್ಸಿಯಸ್ ದಾಟಿಸುತ್ತವೆ. ಕಳೆಬೀಜ, ರೋಗಾಣು ಸಾಯಲು ಆ ಬಿಸಿ ಬೇಕು.

ಕಷ್ಟ ಇರುವುದು ತರುವುದರಲ್ಲಿ, ತಿರುವುವುದರಲ್ಲಿ. ಜೊತೆಗೆ ಹೊರಗಿನಿಂದ ಬರುವ ಹುಲ್ಲಿನಲ್ಲಿ ಕಳೆನಾಶಕ ಇರಬಹುದು. ಅಮಿನೊಪಿರಾಲಿಡ್, ಕ್ಲೊಪಿರಾಲಿಡ್ ಅನ್ನುವ ಕಳೆನಾಶಕಗಳು ಕಾಂಪೋಸ್ಟಿನ ಬಿಸಿಗೂ ಬೇಗ ಕರಗುವುದಿಲ್ಲ. ದನದ ಹೊಟ್ಟೆಯನ್ನೇ ದಾಟಿ ಸಗಣಿಯಲ್ಲಿ ಉಳಿಯುತ್ತವೆ. ಟೊಮೆಟೊ, ಬೀನ್ಸ್ ಎಲೆ ಮುರುಟಿಸುತ್ತವೆ. ಹೊಸ ಕಡೆಯಿಂದ ಹುಲ್ಲು ಅಥವಾ ಕಾಂಪೋಸ್ಟ್ ಬಂದರೆ ನಾಲ್ಕು ಕುಂಡದಲ್ಲಿ ಬೀನ್ಸ್ ಬಿತ್ತಿ ಮೂರು ವಾರ ನೋಡಿ. ಎಲೆ ನೆಟ್ಟಗೆ ಬಿಚ್ಚಿಕೊಂಡರೆ ಹೊಲಕ್ಕೆ ಹಾಕಿ.

ಎರೆಗೊಬ್ಬರ? ನೆಲದಲ್ಲಿ ತಾವಾಗಿ ಇರುವ ಎರೆಹುಳು ಬೇರೆ, ಕೊಂಡು ತಂದು ತೊಟ್ಟಿಯಲ್ಲಿ ಸಾಕುವ ಎರೆಹುಳು ಬೇರೆ. ವೀಗನ್ನರಲ್ಲೇ ಇದರ ಬಗ್ಗೆ ಒಮ್ಮತ ಇಲ್ಲ. ನನಗಂತೂ ಮುಚ್ಚಿಗೆ ಹಾಕಿದರೆ ಅವು ತಾವಾಗಿ ಬರುವಾಗ ತೊಟ್ಟಿ ಯಾಕೆ ಅನಿಸುತ್ತದೆ.

ಹಿಂಡಿ: ಕೊಡಬೇಕಾದದ್ದು ದುಡ್ಡು

ಬೇಗ ಕೆಲಸ ಆಗಬೇಕಾ? ಹಾಗಾದರೆ ಹಿಂಡಿ. ಕಡಲೆಕಾಯಿ ಹಿಂಡಿ, ಸೋಯಾ ಹಿಂಡಿಯಲ್ಲಿ ಸುಮಾರು ಶೇ 7, ಬೇವು ಮತ್ತು ಹರಳಿನ ಹಿಂಡಿಯಲ್ಲಿ ಶೇ 4-5ರಷ್ಟು ಸಾರಜನಕ ಇರುತ್ತದೆ. ಮಣ್ಣು ಬೆಚ್ಚಗಿದ್ದು ತೇವ ಇದ್ದರೆ ಕೆಲವೇ ವಾರದಲ್ಲಿ ಗಿಡಕ್ಕೆ ಸಿಗತೊಡಗುತ್ತದೆ. 40 ಕಿಲೋ ಸಾರಜನಕಕ್ಕೆ ಶೇ 7ರ ಹಿಂಡಿ ಸುಮಾರು 570 ಕಿಲೋ. ಮೂಟೆಗಳಲ್ಲಿ ಬರುತ್ತದೆ, ಒಬ್ಬರೇ ಹಾಕಬಹುದು. ನೆಲ ಕಡಿಮೆ, ಆಳು ಇಲ್ಲ, ತರಕಾರಿಗೆ ಒಳ್ಳೆಯ ದರ ಸಿಗುತ್ತದೆ ಅನ್ನುವವರಿಗೆ ಇದು ಹೊಂದುತ್ತದೆ. ಒಂದಾದ ಮೇಲೊಂದು ಬೆಳೆ ಬದಲಿಸುತ್ತಾ ಸರದಿಯಲ್ಲಿ ಧಾನ್ಯ ಬೆಳೆಯುವವರಿಗೆ ಪ್ರತಿ ವರ್ಷ ಹೀಗೆ ಕೊಳ್ಳುವುದು ಗಿಟ್ಟುವುದಿಲ್ಲ.

ಆದರೆ ಮೊದಲಿನ ಪ್ರಶ್ನೆಗೆ ಮರಳಿ ಬನ್ನಿ. ಈ ಸತ್ವ ಬಂದದ್ದೂ ಬೇರೆಯವರ ಹೊಲದಿಂದಲೇ. ದನ ಮಾತ್ರ ನಡುವೆ ಇಲ್ಲ. ಆ ಹೊಲಕ್ಕೆ ಏನು ಸುರಿದಿದ್ದರೋ! ಹತ್ತಿಬೀಜದ ಹಿಂಡಿಯಾದರೆ, ಹೊರದೇಶದ ಸೋಯಾ ಹಿಂಡಿಯಾದರೆ ಕುಲಾಂತರಿ ತಳಿಯದಾಗಿರುವ ಸಂಭವ ಜಾಸ್ತಿ. ಸಾವಯವ ನಿಯಮಗಳು ಅದನ್ನು ಒಪ್ಪುವುದಿಲ್ಲ. ಹರಳಿನ ಹಿಂಡಿಯಲ್ಲಿ ರಿಸಿನ್ ಅನ್ನುವ ವಿಷ ಉಳಿದಿರಬಹುದು. ನಾಯಿಗಳು ಆಸೆಪಟ್ಟು ತಿಂದು ಸಾಯುವುದುಂಟು. ಪ್ರಾಣಿಗಳ ಮೇಲಿನ ಕಾಳಜಿಯಿಂದಲೇ ಈ ದಾರಿಗೆ ಬಂದವರು ಹರಳಿನ ಹಿಂಡಿಯನ್ನು ಮಣ್ಣಿನ ಮೇಲೆ ಹಾಗೇ ಬಿಡಬಾರದು.

ಅಂಗಡಿಯ ಚೀಲದ ಮೇಲೆ ಬರೀ 'ಸಾವಯವ ಗೊಬ್ಬರ' ಅಂತ ಇದ್ದರೆ ನಂಬಬೇಡಿ. ರಕ್ತದ ಪುಡಿ, ಪುಕ್ಕದ ಪುಡಿ, ಮೂಳೆ ಪುಡಿ, ಮೀನಿನ ದ್ರಾವಣ ಎಲ್ಲವೂ ಸಾವಯವವೇ. ಒಂದು ಸುಳಿವು ಹೇಳುತ್ತೇನೆ. ಗಿಡಮೂಲದ ಹಿಂಡಿಗಳಲ್ಲಿ ಸಾರಜನಕ ಶೇ 8 ದಾಟುವುದು ಅಪರೂಪ. ಚೀಲದ ಮೇಲೆ 10, 12 ಅಂತ ಇದ್ದರೆ ರಕ್ತ ಅಥವಾ ಪುಕ್ಕ ಸೇರಿದೆಯಾ ಅಂತ ಕೇಳಿಯೇ ತಗೊಳ್ಳಿ. ಕಡಲಕಳೆ ದ್ರಾವಣ ಬೇಕಾದರೆ ಬಳಸಿ. ಆದರೆ ಅದರಲ್ಲಿ ಪೊಟ್ಯಾಶ್ ಬಿಟ್ಟರೆ ಸಾರಜನಕ, ರಂಜಕ ಬಹಳ ಕಡಿಮೆ.

ಮರ, ಕೊಂಬೆ, ಚೂರು: ಕೊಡಬೇಕಾದದ್ದು ತಾಳ್ಮೆ

ಮರದ ಚೂರಿನಲ್ಲಿ ಇಂಗಾಲ ವಿಪರೀತ. ಒಂದು ಪಾಲು ಸಾರಜನಕಕ್ಕೆ ಇನ್ನೂರಕ್ಕಿಂತ ಹೆಚ್ಚು ಪಾಲು ಇಂಗಾಲ ಇರಬಹುದು. ಮಣ್ಣಿನೊಳಗೆ ಬೆರೆಸಿದರೆ ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯ ಸಾರಜನಕವನ್ನೇ ಎಳೆದುಕೊಳ್ಳುತ್ತವೆ. ಮೇಲೆ ಹರಡಿದರೆ ಆ ತೊಂದರೆ ಮೇಲ್ಪದರಕ್ಕೆ ಮಾತ್ರ. ಒಂದು ವರ್ಷವೋ ಒಂದೂವರೆ ವರ್ಷವೋ ರಾಶಿ ಹಾಕಿ ಕೊಳೆಸಿದರೆ ಇನ್ನೂ ಒಳ್ಳೆಯದು. ದಪ್ಪ ಕಾಂಡಕ್ಕಿಂತ ಸಣ್ಣ ಕೊಂಬೆಗಳಲ್ಲಿ ಪೋಷಕಾಂಶ ಜಾಸ್ತಿ. ಇಂಗ್ಲೆಂಡಿನ ಇಯಾನ್ ಟಾಲ್‌ಹರ್ಸ್ಟ್ ದಶಕಗಳಿಂದ ಪ್ರಾಣಿಜನ್ಯ ಗೊಬ್ಬರ ಇಲ್ಲದೆ ತರಕಾರಿ ಬೆಳೆಯುತ್ತಿದ್ದಾರೆ. ಅವರ ಹೊಲ ನಿಂತಿರುವುದು ಹಸಿರೆಲೆ ಗೊಬ್ಬರದ ಸರದಿ ಮತ್ತು ಕಳಿತ ಮರದ ಚೂರು, ಈ ಎರಡರ ಮೇಲೆ. ಮಾರುವ ತರಕಾರಿಯಲ್ಲೇ ಹೀಗೆ ಆಗುತ್ತದೆ ಅನ್ನುವುದಕ್ಕೆ ಇದು ಸಾಕ್ಷಿ.

ಬದುವಿನಲ್ಲಿ ಗ್ಲಿರಿಸಿಡಿಯದಂಥ ದ್ವಿದಳ ಮರ ನೆಟ್ಟು ವರ್ಷಕ್ಕೆ ಎರಡು-ಮೂರು ಸಲ ಸವರಿದರೆ ಸೊಪ್ಪು, ಕೊಂಬೆ ಎರಡೂ ಸಿಗುತ್ತವೆ. ಹಣ್ಣಿನ ತೋಟದವರಿಗೆ ಇದಕ್ಕಿಂತ ಹೊಂದುವ ದಾರಿ ಇಲ್ಲ. ಸುಬಾಬುಲ್ ಹಾಕುವವರು ಮಾತ್ರ ಬೀಜ ಆಗುವ ಮುಂಚೆ ಕತ್ತರಿಸಿ, ಇಲ್ಲದಿದ್ದರೆ ಊರೆಲ್ಲ ಅದೇ.

ಗಾಳಿಯಿಂದ ಬಾರದವು

ಸಾರಜನಕದ ಚರ್ಚೆಯಲ್ಲಿ ರಂಜಕವನ್ನು ಜನ ಮರೆಯುತ್ತಾರೆ. ಹೊಲದಿಂದ ಹೊರಟ ಪ್ರತಿ ಮೂಟೆಯ ಜೊತೆ ರಂಜಕ, ಪೊಟ್ಯಾಶ್ ಹೋಗುತ್ತವೆ. ಅವನ್ನು ಯಾವ ಬೇರುಗಂಟೂ ಗಾಳಿಯಿಂದ ತರುವುದಿಲ್ಲ. ಸಾವಯವದಲ್ಲಿ ಶಿಲಾರಂಜಕಕ್ಕೆ, ಅಂದರೆ ರಂಜಕ ಇರುವ ಕಲ್ಲಿನ ಪುಡಿಗೆ, ಅನುಮತಿ ಇದೆ. ಆದರೆ ಅದು ಕೆಲಸ ಮಾಡುವುದು ಹುಳಿ ಮಣ್ಣಿನಲ್ಲಿ. ಸುಣ್ಣದಂಶದ ಮಣ್ಣಿಗೆ ಹಾಕಿದರೆ ಕಲ್ಲು ಹಾಕಿದಂತೆಯೇ. ಮರದ ಬೂದಿ ಪೊಟ್ಯಾಶ್ ಕೊಡುತ್ತದೆ, ಹುಳಿಯನ್ನು ಇಳಿಸುತ್ತದೆ. ಕ್ಷಾರದ ಮಣ್ಣಿಗೆ ಅದು ಬೇಡ. ಮೂರು ವರ್ಷಕ್ಕೊಮ್ಮೆಯಾದರೂ ಮಣ್ಣು ಪರೀಕ್ಷೆ ಮಾಡಿಸಿ, ಊಹೆಯ ಮೇಲೆ ಹೋಗಬೇಡಿ.

ಮನುಷ್ಯರ ಮೂತ್ರದ ವಿಷಯ ಎತ್ತಿದರೆ ನಗುತ್ತಾರೆ. ಒಬ್ಬ ವಯಸ್ಕರ ಒಂದು ವರ್ಷದ ಮೂತ್ರದಲ್ಲಿ ಸುಮಾರು 3-4 ಕಿಲೋ ಸಾರಜನಕ ಇರುತ್ತದೆ, ಜೊತೆಗೆ ರಂಜಕವೂ. ಕೃಷಿಯಲ್ಲಿ ಅದನ್ನು ಸುರಕ್ಷಿತವಾಗಿ ಬಳಸುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಕೊಡುವವರು ಒಪ್ಪಿಯೇ ಕೊಡುವುದರಿಂದ ವೀಗನ್ ನಿಲುವಿಗೆ ಅಡ್ಡಿ ಇಲ್ಲ. ಆದರೆ ಹಲವು ಸಾವಯವ ಪ್ರಮಾಣಪತ್ರಗಳು ಒಪ್ಪುವುದಿಲ್ಲ. ಮನೆಬಳಕೆಗೆ ಬೆಳೆಯುವವರು, ಹಣ್ಣಿನ ಮರ ಇರುವವರು ಯೋಚಿಸಬಹುದು.

ಕೀಟ, ಇಲಿ, ಹಂದಿ

ಗೊಬ್ಬರಕ್ಕಿಂತ ಮನಸ್ಸು ಕದಡುವುದು ಇಲ್ಲಿ. ಕೀಟದ ಮೇಲೆ ಸಿಂಪಡಿಸುವ ಬಿಟಿ ಬ್ಯಾಕ್ಟೀರಿಯಾ, ಬೇವು, ಸೇವಂತಿಗೆ ಜಾತಿಯ ಹೂವಿನಿಂದ ತೆಗೆದ ಪೈರೆಥ್ರಿನ್ ಎಲ್ಲ ಸಾವಯವವೇ. ಮೂರೂ ಕೊಲ್ಲುತ್ತವೆ. ಕೀಟನಿರೋಧಕ ಬಲೆ ಕೊಲ್ಲದೆ ತಡೆಯುತ್ತದೆ, ಆದರೆ ಶುರುವಲ್ಲಿ ದುಡ್ಡು ಬೇಕು. ಅದನ್ನು ಬಿಗಿಯಾಗಿ ಕಟ್ಟಿ. ಜೋಲುಬಿಟ್ಟ ಬಲೆಗೆ ಹಾವು, ಹಕ್ಕಿ ಸಿಕ್ಕಿ ಸಾಯುತ್ತವೆ. ನನ್ನ ಸಲಹೆ ಇಷ್ಟು: ಮೊದಲು ಬಿತ್ತುವ ಕಾಲ ಬದಲಿಸಿ. ಆಮೇಲೆ ಬಲೆ, ಬೇಲಿ. ಆಮೇಲೆ ಒಂದು ಪಾಲು ಬಿಟ್ಟುಕೊಡಿ. ಸಿಂಪಡಣೆ ಬೇಕೋ ಬೇಡವೋ ಅನ್ನುವುದು ನಿಮ್ಮ ಗೆರೆಗೆ ಬಿಟ್ಟದ್ದು. ಕಪ್ಪೆ, ಹಕ್ಕಿ, ಕಣಜಗಳಿಗೆ ಜಾಗ ಮಾಡಿಕೊಟ್ಟರೆ ಅವೇ ಹುಳು ತಿನ್ನುತ್ತವೆ. ನಾವು ಕೊಲ್ಲಲಿಲ್ಲ ಅಂತ ಸಮಾಧಾನ ಪಡಬಹುದು, ಹುಳುವಿಗೆ ಅದರಿಂದ ಏನೂ ವ್ಯತ್ಯಾಸ ಇಲ್ಲ!

ದಪ್ಪ ಮುಚ್ಚಿಗೆ ಹಾಕುವವರು ಇನ್ನೊಂದು ನೆನಪಿಡಿ. ತೇವದ ಕಾಲದಲ್ಲಿ ಬಸವನಹುಳುವಿಗೆ ಅದು ಅರಮನೆ. ಎಳೆ ಸಸಿ ಇರುವಾಗ ಮುಚ್ಚಿಗೆಯನ್ನು ಬುಡದಿಂದ ದೂರ ಸರಿಸಿ.

ರಕ್ಷಿಸಿ ತಂದ ದನಗಳ ಸಗಣಿ?

ಹಾಲಿಗಾಗಲೀ ಮಾಂಸಕ್ಕಾಗಲೀ ಸಾಕದ, ಸಾಯುವವರೆಗೆ ಸುಮ್ಮನೆ ನೋಡಿಕೊಳ್ಳುವ ಪ್ರಾಣಿಗಳ ಸಗಣಿ ಬಳಸಿದರೆ ತಪ್ಪೇನು ಅನ್ನುವವರು ಇದ್ದಾರೆ. ನನಗೆ ಅದರಲ್ಲಿ ದೊಡ್ಡ ತಪ್ಪು ಕಾಣುವುದಿಲ್ಲ. ಎಸೆಯುವುದಕ್ಕಿಂತ ಹಾಕುವುದು ವಾಸಿ. ಆದರೆ ಬೇಸಾಯವೇ ಅದರ ಮೇಲೆ ನಿಂತರೆ ನಾಳೆ ಪ್ರಾಣಿಯನ್ನು ಗೊಬ್ಬರಕ್ಕಾಗಿಯೇ ತರಬೇಕು ಅನಿಸುತ್ತದೆ. ವೀಗನ್ ಪ್ರಮಾಣಪತ್ರ ಬೇಕಾದವರಿಗಂತೂ ಈ ದಾರಿ ಮುಚ್ಚಿದೆ.

ಮಾರುವಾಗಿನ ಗುರುತು

ಸಾಮಾನ್ಯ ಸಾವಯವ ಪ್ರಮಾಣಪತ್ರ ಸಗಣಿಯನ್ನು ಕಡ್ಡಾಯ ಮಾಡುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ವೀಗನ್ ಅಂತ ಬೇರೆಯಾಗಿ ಗುರುತು ಬೇಕಾದರೆ ಎರಡು ಹೆಸರು ತಿಳಿದಿರಲಿ. ಬ್ರಿಟನ್ನಿನಲ್ಲಿ ವೀಗನ್ ಆರ್ಗ್ಯಾನಿಕ್ ನೆಟ್‌ವರ್ಕ್ ರೂಪಿಸಿದ ಸ್ಟಾಕ್‌ಫ್ರೀ ಆರ್ಗ್ಯಾನಿಕ್ ಒಂದು. ಟಾಲ್‌ಹರ್ಸ್ಟ್ ಅವರ ಹೊಲಕ್ಕೆ ಅದು 2004ರಲ್ಲಿ ಸಿಕ್ಕಿತು. ಇನ್ನೊಂದು ಬಯೋಸೈಕ್ಲಿಕ್ ವೀಗನ್ ಮಾನದಂಡ. 2017ರಲ್ಲಿ ಅದು ಸಾವಯವ ಸಂಘಟನೆಗಳ ಜಾಗತಿಕ ಒಕ್ಕೂಟ ಐಫೋಮ್‌ನ ಮಾನದಂಡಗಳ ಪಟ್ಟಿ ಸೇರಿತು. ದೂರದ ಮಾರುಕಟ್ಟೆಗೆ ಕಳಿಸುವವರಿಗೆ ಇವುಗಳಿಂದ ಉಪಯೋಗ ಇದೆ. ಕೊಳ್ಳುವವರು ಹೊಲಕ್ಕೇ ಬಂದು ನೋಡುವಂತಿದ್ದರೆ ಶುಲ್ಕ, ಕಡತ, ತಪಾಸಣೆ ಎಲ್ಲ ದಂಡ ಅನ್ನುವುದು ನನ್ನ ಅನಿಸಿಕೆ.

ಹಾಗಾದರೆ ನೀವು?

ಐದು-ಹತ್ತು ಎಕರೆ ಇದ್ದು ಧಾನ್ಯ, ಕಾಳು ಬೆಳೆಯುವವರು ಹಸಿರೆಲೆ ಗೊಬ್ಬರದ ಸರದಿಯನ್ನೇ ಹಿಡಿಯಿರಿ. ನಾಲ್ಕರಲ್ಲಿ ಒಂದು ಪಾಲು ನೆಲವನ್ನು ಅದಕ್ಕೆ ಬಿಡುವ ಧೈರ್ಯ ಮಾಡಿ. ಹಿಂಡಿಗೆ ದುಡ್ಡು ಸುರಿಯಬೇಡಿ.

ಅರ್ಧ ಎಕರೆಯಲ್ಲಿ ತರಕಾರಿ ಬೆಳೆದು ಮಾರುವವರು ಮೊದಲ ಎರಡು ವರ್ಷ ಹಿಂಡಿಯ ಮೇಲೆ ನಿಲ್ಲಿ. ಅಷ್ಟರಲ್ಲಿ ಕಾಂಪೋಸ್ಟ್, ಮುಚ್ಚಿಗೆಯಿಂದ ಮಣ್ಣು ಕಟ್ಟಿಕೊಳ್ಳಿ. ಪ್ರತಿ ಮಡಿಯೂ ವರ್ಷದಲ್ಲಿ ಒಮ್ಮೆ ಎರಡು ತಿಂಗಳು ಹಸಿರೆಲೆಗೆ ಹೋಗಲಿ. ಮೂರನೇ ವರ್ಷದಿಂದ ಹಿಂಡಿ ಕಡಿಮೆ ಮಾಡುತ್ತಾ ಬನ್ನಿ. ಕೋಸು, ಟೊಮೆಟೊ ಜಾಗದಲ್ಲಿ ಬೀನ್ಸ್, ಬೇರು ತರಕಾರಿಯ ಪಾಲು ಹೆಚ್ಚಿಸಿದರೆ ಗೊಬ್ಬರದ ಖರ್ಚು ತಾನಾಗಿ ಇಳಿಯುತ್ತದೆ.

ಹಣ್ಣಿನ ತೋಟಕ್ಕೆ ಮರದ ಚೂರು, ಬದುವಿನ ಸೊಪ್ಪು, ಸಾಲುಗಳ ನಡುವೆ ದ್ವಿದಳದ ಹೊದಿಕೆ ಸಾಕು. ಈ ನಾಲ್ವರಲ್ಲಿ ಅತಿ ಸುಲಭ ನಿಮ್ಮದೇ.

ಒಂದೆರಡು ವರ್ಷಕ್ಕೆ ಗುತ್ತಿಗೆ ಹಿಡಿದವರದು ಎಲ್ಲಕ್ಕಿಂತ ಕಷ್ಟ. ಇಂದು ಕಟ್ಟಿದ ಮಣ್ಣಿನ ಲಾಭ ನಾಳೆ ಮಾಲೀಕರಿಗೆ ಹೋಗುತ್ತದೆ. ಹಿಂಡಿ ಮತ್ತು ಎರಡು ತಿಂಗಳ ಸೆಣಬು, ಇಷ್ಟರಲ್ಲೇ ಮುಗಿಸಿ. ಮರ ನೆಡುವುದು, ಟನ್ನುಗಟ್ಟಲೆ ಕಾಂಪೋಸ್ಟ್ ಹೊರುವುದು ಬೇಡ. ಸಾಧ್ಯವಾದರೆ ಐದು ವರ್ಷದ ಗುತ್ತಿಗೆ ಕೇಳಿ ನೋಡಿ. ಕೊಡುವುದಾದರೆ ಆ ದಿನವೇ ಬದುವಿನಲ್ಲಿ ಗ್ಲಿರಿಸಿಡಿಯ ಕಡ್ಡಿ ನೆಡಬಹುದು.